ಲವೋನ್ ಕೂತರೆ ಊರು ಕೂತಂತೆ

ನೆಬ್ರಾಸ್ಕದ ನಮ್ಮ ಲಿಪಾ ಊರಿನಲ್ಲಿ ಭಾನುವಾರದ ಪೂಜೆಗೆ ತಡವಾಗಿ ಹೋದರೆ ಪಾದ್ರಿಗಳು ಕ್ಷಮಿಸಿಯಾರು. ವಾಲಿಬಾಲ್ ಪಂದ್ಯಕ್ಕೆ ತಡವಾಗಿ ಹೋದವನನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ, ಅವನಿಗೆ ಕಾಲಿಡಲೂ ಜಾಗ ಸಿಗುವುದಿಲ್ಲ. ಸೇಂಟ್ ಲುಡ್ಮಿಲಾ ಕಾಲೇಜಿನ ಹುಡುಗಿಯರು ಆಡುವ ಸಂಜೆ ಮುಸುಕಿನ ಜೋಳದ ಕೊಯ್ಲು ಅರ್ಧಕ್ಕೇ ನಿಲ್ಲುತ್ತದೆ. ಗಂಡಸರು ಟೋಪಿಯ ದೂಳನ್ನೂ ಕೊಡವದೆ ಕಾಲೇಜಿನ ಒಳಾಂಗಣ ಜಿಮ್ಮಿಗೆ ಓಡಿ ಬರುತ್ತಾರೆ. ದೊಡ್ಡ ಪಟ್ಟಣದಿಂದ ಬಂದವರು 'ಹುಡುಗಿಯರ ಆಟಕ್ಕೆ ಇಷ್ಟು ಜನವೇ?' ಎಂದು ಬಾಯಿ ಬಿಡುತ್ತಾರೆ. ಬಿಡಲಿ. ಆ ಪ್ರಶ್ನೆ ಕೇಳಿದಾಗ ಎದೆ ಸ್ವಲ್ಪ ಉಬ್ಬುತ್ತದೆ ಎಂಬುದನ್ನು ನಾವೇನೂ ಮುಚ್ಚಿಡುವುದಿಲ್ಲ.

ಆ ಜಿಮ್ಮಿನಲ್ಲಿ ಒಂದು ಕಟ್ಟುಪಾಡಿದೆ. ನಮ್ಮ ಹುಡುಗಿಯರಿಗೆ ಮೊದಲ ಪಾಯಿಂಟ್ ಸಿಗುವವರೆಗೆ ಯಾರೂ ಕೂರುವಂತಿಲ್ಲ. ಮೇಯರೇ ಆಗಲಿ, ಬಸುರಿಯೇ ಆಗಲಿ, ನಿಲ್ಲಲೇಬೇಕು. ಬಾಗಿಲ ಬಳಿ ಮೆತ್ತನೆಯ ಕುರ್ಚಿಗಳ ಒಂದು ಸಾಲಿದೆಯಲ್ಲ, ತೀರಾ ಕೈಲಾಗದ ವೃದ್ಧರದು, ಆ ಸಾಲಿಗಷ್ಟೇ ಮಾಫಿ. ಗ್ಯಾಲರಿಯ ಮೂಲೆಗಳಿಂದ ಅಂಕಣ ಸರಿಯಾಗಿ ಕಾಣುವುದಿಲ್ಲ. ಅಲ್ಲಿಯವರು ಪಾಯಿಂಟ್ ಸಿಕ್ಕಿತೋ ಇಲ್ಲವೋ ತಿಳಿಯಲು ಎರಡನೆಯ ಸಾಲಿನ ಒಂದು ಕೆಂಪು ಟೋಪಿಯನ್ನು ನೋಡುತ್ತಾರೆ. ಆ ಟೋಪಿ ಕೆಳಗಿಳಿದರೆ ಇವರೂ ಕೂರುತ್ತಾರೆ. 'ಲವೋನ್ ಕೂತರೆ ಊರು ಕೂತಂತೆ' ಎಂಬ ಮಾತು ನಮ್ಮಲ್ಲಿ ಹುಟ್ಟಿದ್ದು ಹಾಗೆ.

ಲವೋನ್ ಸ್ಕಾಲಾ ಶಾಲೆಯ ಹಳದಿ ಬಸ್ಸು ಓಡಿಸಿಕೊಂಡೇ ಮುದುಕಿಯಾದವಳು. ಲಿಪಾದಲ್ಲಿ ಇವತ್ತು ಮೀಸೆ ತಿರುವುವವರೆಲ್ಲ ಒಂದು ಕಾಲಕ್ಕೆ ಅವಳ ಬಸ್ಸಿನಲ್ಲಿ ಸುಮ್ಮನೆ ಕೂತು ಹೋದವರೇ. ಅವಳು ಹುಡುಗಿಯಾಗಿದ್ದಾಗ ಊರಿನ ಹುಡುಗಿಯರಿಗೆ ಆಟವೆಂದರೆ ಅಣ್ಣತಮ್ಮಂದಿರ ಆಟಕ್ಕೆ ಚಪ್ಪಾಳೆ ತಟ್ಟುವುದಷ್ಟೇ. ಗೋಡೌನಿನ ಗೋಡೆಗೆ ಚೆಂಡು ಹೊಡೆದು ಹೊಡೆದು ತೋಳು ಕೆಂಪಾಗಿಸಿಕೊಂಡು, ಅಮ್ಮನಿಂದ ಬೈಸಿಕೊಂಡವಳು ಅವಳು. ಕಾಲೇಜಿನಲ್ಲಿ ಹುಡುಗಿಯರ ತಂಡ ಶುರುವಾಗುವ ಹೊತ್ತಿಗೆ ಅವಳಿಗೆ ಮದುವೆಯಾಗಿ, ಕಂಕುಳಲ್ಲಿ ಮಗು ಇತ್ತು.

ಆ ತಂಡವನ್ನು ಪರವೂರಿಗೆ ಕರೆದೊಯ್ಯಲು ಬಸ್ಸಿನವರು ಬೇಕಾದಾಗ ಲವೋನ್ ತಾನೇ ಮುಂದೆ ಬಂದಳು. ಆಗ ನೋಡಲು ಬರುತ್ತಿದ್ದವರೆಂದರೆ ಹುಡುಗಿಯರ ತಂದೆತಾಯಿ, ಮತ್ತೆ ಜಿಮ್ಮಿಗೆ ಬೀಗ ಹಾಕಿ ಮನೆಗೆ ಹೋಗಲು ಕಾಯುತ್ತಿದ್ದ ಜವಾನ. ಒಂದು ದಿನ ಸೋತು ವಾಪಸಾಗುವಾಗ ಹಿಂದಿನ ಸೀಟಿನಿಂದ ಒಬ್ಬ ಹುಡುಗಿ ಕೇಳಿದಳು:

"ಮಿಸೆಸ್ ಸ್ಕಾಲಾ, ನಾವು ಆಡೋದು ಯಾರಿಗಾದ್ರೂ ಕಾಣ್ಸುತ್ತಾ?"

ಆ ಮಾತು ಲವೋನಳ ಒಳಗೆ ಮುಳ್ಳಿನ ಹಾಗೆ ಉಳಿಯಿತು. ಮರುದಿನ ಬೆಳಿಗ್ಗೆಯಿಂದಲೇ ಬಸ್ಸಿಳಿಯುವ ಒಂದೊಂದು ಮಗುವಿಗೂ ಹೇಳತೊಡಗಿದಳು:

"ಗುರುವಾರ ಸಂಜೆ ಮ್ಯಾಚಿದೆ. ಅಪ್ಪ ಅಮ್ಮನ್ನ ಕರ್ಕೊಂಡ್ ಬಾ. ಬರ್ಲಿಲ್ವೋ, ಶುಕ್ರವಾರ ದಾರಿಯುದ್ದಕ್ಕೂ ನಾನು ಹಾಡ್ತೀನಿ!"

ಅವಳ ಹಾಡು ಕೇಳಿದ್ದ ಮಕ್ಕಳು ಅಪ್ಪ ಅಮ್ಮನನ್ನು ಎಳೆದುಕೊಂಡೇ ಬಂದರು. ಬಂದವರಿಗೆ ಚರ್ಚಿನ ಹೆಂಗಸರಿಂದ ಕಾಳು-ಮಾಂಸದ ಬಿಸಿ ಚಿಲಿ ಮಾಡಿಸಿದಳು, ಜೊತೆಗೆ ದಾಲ್ಚಿನ್ನಿ ರೋಲ್. ಖಾರದ ಚಿಲಿಗೆ ಸಿಹಿ ರೋಲ್ ನಂಚಿಕೊಳ್ಳುವುದನ್ನು ಕಂಡರೆ ಹೊರಗಿನವರು ಮೂಗು ಮುರಿಯುತ್ತಾರೆ. ರುಚಿ ಗೊತ್ತಿಲ್ಲದವರ ಮಾತು ನಮಗೇಕೆ? ಊಟದ ಆಸೆಗೆ ಬಂದವರು ಆಟದ ರುಚಿ ಹತ್ತಿ ಅಲ್ಲೇ ಉಳಿದರು.

ನಿಲ್ಲುವ ಕಟ್ಟುಪಾಡು ಹುಟ್ಟಿದ್ದೂ ಆ ಚಿಲಿಯಿಂದಲೇ. ಒಂದು ಪಂದ್ಯ ಇನ್ನೇನು ಶುರುವಾಗಬೇಕು, ಲವೋನಳ ಗಂಡ ಎಮಿಲ್ ಬಟ್ಟಲನ್ನು ಅವಳ ಕೈಗೆ ಕೊಡಲು ಹೋಗಿ ಅವಳ ಜಾಗದ ಮೇಲೇ ಬೋರಲು ಹಾಕಿದ. ಅವಳು ಕಿಟಾರನೆ ಕಿರುಚಿ ಎದ್ದು ನಿಂತಳು. ಎಮಿಲ್ ಕರವಸ್ತ್ರದಿಂದ ಬೆಂಚು ಒರೆಸತೊಡಗಿದ. ಹಿಂದಿನ ಸಾಲಿನಲ್ಲಿದ್ದ ಡೆಲ್ಬರ್ಟ್ ವೊಂಡ್ರಾ ಕೂಗಿದ:

"ಎಮ್ಮೆ ಅಡ್ಡ ನಿಂತ ಹಾಗೆ ನಿಂತಿದ್ದೀಯಲ್ಲೇ! ಕೂರೇ ಲವೋನ್!"

"ಎಲ್ಲೋ ಕೂರ್ಲಿ? ಚಿಲಿ ಮೇಲೆ ಕೂರ್ಲಾ?"

ಡೆಲ್ಬರ್ಟ್ ಗೊಣಗುತ್ತ ತಾನೂ ಎದ್ದ. ಅವನ ಹಿಂದಿನವರು ಎದ್ದರು, ಅವರ ಹಿಂದಿನವರೂ ಎದ್ದರು. ಈ ಬದಿಯೆಲ್ಲ ಎದ್ದಿದ್ದನ್ನು ಕಂಡು, ಏನೋ ಮರ್ಯಾದೆಯ ವಿಷಯ ಇರಬೇಕೆಂದು ಆ ಬದಿಯವರೂ ಎದ್ದು ಟೋಪಿ ತೆಗೆದರು. ಅಂಕಣದ ಹುಡುಗಿಯರು ತಲೆಯೆತ್ತಿ ನೋಡಿದರೆ ಇಡೀ ಊರು ತಮಗಾಗಿ ಎದ್ದು ನಿಂತಿದೆ! ಎಮಿಲ್ ಒರೆಸಿ ಮುಗಿಸುವುದಕ್ಕೂ ಮೊದಲ ಪಾಯಿಂಟ್ ಬರುವುದಕ್ಕೂ ಸರಿಹೋಯಿತು. ಲವೋನ್ ಕೂತಳು, ಊರೂ ಕೂತಿತು. ಅಲ್ಲಿಯವರೆಗೆ ಒಮ್ಮೆಯೂ ಸೋಲಿಸದಿದ್ದ ತಂಡವನ್ನು ಹುಡುಗಿಯರು ಅವತ್ತು ಸೋಲಿಸಿದರು. ಮುಂದಿನ ಪಂದ್ಯಕ್ಕೆ ಹೇಳದೆ ಕೇಳದೆ ಎಲ್ಲರೂ ನಿಂತೇ ಇದ್ದರು.

ಇದನ್ನು ಲವೋನ್ ಯಾರಿಂದಲೂ ಮುಚ್ಚಿಟ್ಟವಳಲ್ಲ. ಕೇಳಿದವರಿಗೆಲ್ಲ "ಅದು ಚಿಲಿ ಕಣ್ರೋ" ಎಂದೇ ಹೇಳುತ್ತಾಳೆ. ನಂಬಿದವರು ಯಾರೂ ಇಲ್ಲ. "ಪಾಪ, ಸಂಕೋಚಕ್ಕೆ ಹಾಗಂತಾಳೆ," ಎನ್ನುತ್ತಾರೆ.

ಎಮಿಲ್ ತೀರಿಕೊಂಡು ಕೆಲವು ಚಳಿಗಾಲಗಳು ಕಳೆದಿವೆ. ಲವೋನಳಿಗೆ ಎಂಬತ್ತು ಸಮೀಪಿಸಿದೆ. ಬಲಗಾಲಿನ ಮಂಡಿ ಸವೆದು, ಗ್ಯಾಲರಿಯ ಮೆಟ್ಟಿಲು ಹತ್ತುವಾಗ ಕಟಕಟ ಸದ್ದು ಮಾಡುತ್ತದೆ. ಈ ಸಲದ ಪಂದ್ಯಗಳು ಶುರುವಾದಾಗ ಒಂದು ದಿನ ಹತ್ತುತ್ತ ಮುಗ್ಗರಿಸಿದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಮಗಳು ರೋಂಡಾಗೆ ಸುದ್ದಿ ಮುಟ್ಟಿತು. ಅವತ್ತು ರಾತ್ರಿಯೇ ಬಂದು ಅಡುಗೆಮನೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅಮ್ಮ, ಇನ್ಮೇಲೆ ಕೆಳಗಡೆ ಕುರ್ಚಿ ಸಾಲು. ಮಾತಿಲ್ಲ, ಕತೆಯಿಲ್ಲ."

"ಆ ಸಾಲಾ? ಅಲ್ಲಿ ಕೂತೋರು ನಿದ್ದೆ ಮಾಡ್ತಾರೆ, ಎದ್ದು ಸ್ಕೋರ್ ಕೇಳ್ತಾರೆ, ಮತ್ತೆ ನಿದ್ದೆ ಮಾಡ್ತಾರೆ. ಅದರ ಮುಂದಿನ ಸಾಲು ಸ್ಮಶಾನದಲ್ಲೇ ಇರೋದು ಕಣೆ!"

"ಮೆಟ್ಲಿಂದ ಬಿದ್ರೆ ನೇರ ಅಲ್ಲಿಗೇ ಹೋಗ್ತೀಯ."

"ನಿಲ್ಲಕ್ಕಾಗೋವರೆಗೂ ನಾನು ನನ್ನ ಎರಡ್ನೇ ಸಾಲಲ್ಲೇ."

ರೋಂಡಾ ತಾಯಿಯದೇ ಮಗಳು, ಹಟದಲ್ಲಿ ಒಂದು ಕೈ ಮೇಲೆ. ಮೇಜಿನ ಮೇಲೆ ಕೈ ತಟ್ಟಿ ಕರಾರು ಹಾಕಿದಳು. "ಸರಿ. ಮೊದಲ್ನೇ ಪಾಯಿಂಟ್‌ವರೆಗೂ ನಿಂತ್ಯೋ, ನಿನ್ನ ಜಾಗ ನಿಂದು. ಮಧ್ಯ ಕೂತ್ಯೋ, ಮುಂದಿನ ಮ್ಯಾಚಿಂದ ಕುರ್ಚಿ."

"ಆಯ್ತು ಹೋಗೇ," ಎಂದಳು ಲವೋನ್. ಕೊಟ್ಟ ಮಾತಿಗೆ ತಪ್ಪಿದವಳಲ್ಲ. ಮೊದಲ ಪಾಯಿಂಟ್ ಬರಲು ಎಷ್ಟು ಹೊತ್ತು ಬೇಕು? ಒಂದು ಸರ್ವ್, ಎರಡು ಸರ್ವ್. ಹೆದರುವುದೇನಿದೆ ಎಂದುಕೊಂಡಳು.

ಆದರೆ ಎದುರಾಳಿಯಾಗಿ ಬಂದದ್ದು ಕ್ಯಾನ್ಸಾಸಿನ ಟರ್ಲಿಂಗ್ ಕಾಲೇಜು. ಹಿಂದಿನ ವರ್ಷ ನಮ್ಮನ್ನು ಸೋಲಿಸಿ ಮನೆಗೆ ಕಳಿಸಿದವರು. ಸೇಡಿನ ಪಂದ್ಯವೆಂದು ಜಿಮ್ಮು ಕಿಕ್ಕಿರಿದು ತುಂಬಿತ್ತು, ಕಿಟಕಿಯ ಕಟ್ಟೆಯ ಮೇಲೂ ಹುಡುಗರು ಹತ್ತಿ ಕೂತಿದ್ದರು. ಕೂತಿದ್ದರೇನು, ಪಂದ್ಯ ಶುರುವಾಗುವಾಗ ಅವರೂ ಅಲ್ಲೇ ಹೇಗೋ ಎದ್ದು ನಿಂತರು. ಲವೋನ್ ಕೆಂಪು ಟೋಪಿ ಸರಿಮಾಡಿಕೊಂಡು ಎರಡನೆಯ ಸಾಲಿನಲ್ಲಿ ನಿಂತಳು. ಪಕ್ಕದಲ್ಲಿ ಕಾವಲಿಗೆಂದೇ ಬಂದ ರೋಂಡಾ.

ಟರ್ಲಿಂಗಿನವರ ಕಡೆ ಬಿದಿರಿನಂಥ ಒಬ್ಬ ಹುಡುಗಿ ಹಾರಿ ಸರ್ವ್ ಹೊಡೆದಳು. ಚೆಂಡು ನಮ್ಮವರ ಕೈಗೆ ತಾಗಿ ಗ್ಯಾಲರಿಗೆ ಹಾರಿತು. ಅವರಿಗೆ ಒಂದು. ಮತ್ತೆ ಹೊಡೆದಳು, ಎರಡು. ಮೂರನೆಯದು ನೆಟ್ಟಿಗೆ ತಾಗಿ ನಮ್ಮ ಕಡೆಗೇ ತೊಟ್ಟಿಕ್ಕಿತು. ನಾಲ್ಕು, ಐದು ಎಂದು ಅವರದು ಏರುತ್ತಲೇ ಹೋಯಿತು. ನಮ್ಮದು ಬರೀ ಸೊನ್ನೆ. ಊರು ನಿಂತೇ ಇತ್ತು.

ಲವೋನಳ ಮಂಡಿಯೊಳಗೆ ಯಾರೋ ಮೊಳೆ ಹೊಡೆದಂತಾಗುತ್ತಿತ್ತು. ಭಾರವನ್ನೆಲ್ಲ ಎಡಗಾಲಿಗೆ ಹಾಕಿದಳು, ಅದೂ ನಡುಗಿತು. ಮೇಲಿನ ತುಟಿಯ ಮೇಲೆ ಬೆವರು ಮೂಡಿತು.

"ಅಮ್ಮ, ಮುಖ ಬಿಳಿಚ್ಕೊಂಡಿದೆ."

"ಸುಮ್ನೆ ಆಟ ನೋಡೇ."

ನಮ್ಮ ಕೋಚ್ ಟೈಮ್ ಔಟ್ ಕೇಳಿದಳು. ಹುಡುಗಿಯರು ಬದಿಗೆ ಹೋಗಿ ತಲೆ ತಲೆ ಸೇರಿಸಿ ನಿಂತರು. ಆ ಹೊತ್ತಿಗೇ ಲವೋನಳ ಮಂಡಿ ಮಡಚಿತು. ಬೇಕೆಂದು ಕೂತದ್ದಲ್ಲ, ಮೂಟೆ ಇಳಿಸಿದ ಹಾಗೆ ದೊಪ್ಪನೆ ಬೆಂಚಿನ ಮೇಲೆ ಬಿದ್ದಳು.

ಹಿಂದೆ ನಿಂತಿದ್ದ ಡೆಲ್ಬರ್ಟನಿಗೆ ಈಗ ಕಣ್ಣು ಮಂಜು. ಟೋಪಿ ಇಳಿದದ್ದೊಂದೇ ಕಂಡಿತು. "ಅಬ್ಬಾ, ಬಂತು!" ಎಂದು ಕೂತ. ಅವನ ಹಿಂದಿನ ಸಾಲು ಕೂತಿತು. ಮೂಲೆಯವರು ಕೂತರು, ಎದುರು ಬದಿಯವರು ಕೂತರು. ಟೈಮ್ ಔಟಿನಲ್ಲಿ ಪಾಯಿಂಟ್ ಎಲ್ಲಿಂದ ಬರಬೇಕು ಎಂದು ಯೋಚಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಲವೋನ್ ಕೂತಳಲ್ಲ, ಅಷ್ಟು ಸಾಕು. ಕೂತ ಮೇಲೆ ಬೋರ್ಡು ನೋಡಿ, ಇನ್ನೂ ಸೊನ್ನೆಯೇ ಇದ್ದದ್ದು ಕಂಡು ಜನ ಕಕ್ಕಾಬಿಕ್ಕಿಯಾದರು. ವಿದ್ಯಾರ್ಥಿಗಳ ಡೋಲು ನಿಂತಿತು.

ಹುಡುಗಿಯರು ಅಂಕಣಕ್ಕೆ ಮರಳುತ್ತ ತಲೆಯೆತ್ತಿದರು. ಮುಂದೆ ಇದ್ದವಳು ಟೆಸ್ಸಾ ಪೊಸ್ಪಿಶಿಲ್, ಲವೋನಳ ಬಸ್ಸಿನಲ್ಲಿ ಕೊನೆಯ ವರ್ಷಗಳಲ್ಲಿ ಬಂದವಳು, ಮೊದಲ ದಿನ ಅತ್ತು ರಂಪ ಮಾಡಿ ಲವೋನಳ ಪಕ್ಕದಲ್ಲೇ ಕೂತು ಶಾಲೆಗೆ ಹೋದವಳು. ಇನ್ನೂ ಸೊನ್ನೆ ಇರುವಾಗಲೇ ಲಿಪಾ ಕೂತದ್ದನ್ನು ಆ ಹುಡುಗಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಊರು ತಮ್ಮ ಕೈಬಿಟ್ಟಿತೆಂದೇ ತಿಳಿದಳು. ಅವಳ ಮುಖ ಇಳಿಯಿತು.

ಎಷ್ಟೋ ವರ್ಷದ ಹಿಂದೆ ಬಸ್ಸಿನ ಹಿಂದಿನ ಸೀಟಿನಿಂದ ಬಂದ ಮಾತು ಲವೋನಳ ಕಿವಿಯಲ್ಲಿ ಮತ್ತೆ ಕೇಳಿಸಿತು. ನಾವು ಆಡೋದು ಯಾರಿಗಾದ್ರೂ ಕಾಣ್ಸುತ್ತಾ? ಮಂಡಿ, ಕರಾರು, ಕುರ್ಚಿ ಎಲ್ಲ ಮರೆತುಹೋಯಿತು. ನಾಚಿಕೆಯಿಂದ ಕಣ್ಣು ಉರಿಯಿತು.

"ಎಬ್ಬಿಸೇ ನನ್ನ!"

"ಬೇಡಮ್ಮ, ಸಾಕು. ಕೂತಾಯ್ತಲ್ಲ."

"ನಾನೊಬ್ಳು ಕೂತಿದ್ರೆ ಪರ್ವಾಗಿರ್ಲಿಲ್ಲ ಕಣೆ! ಊರನ್ನೇ ಕೂರಿಸ್ಬಿಟ್ಟಿದ್ದೀನಿ. ಆ ಮಗು ಮುಖ ನೋಡು. ಎಬ್ಬಿಸೇ ರೋಂಡಾ!"

ರೋಂಡಾ ಅಂಕಣದ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು. ಆಮೇಲೆ ತಾಯಿಯ ಕಂಕುಳಿಗೆ ತೋಳು ಕೊಟ್ಟು, ಹಲ್ಲು ಕಚ್ಚಿ ಎತ್ತಿದಳು. ಕೆಂಪು ಟೋಪಿ ಮೇಲೆದ್ದಿತು.

ಆಗ ಎದ್ದ ಸದ್ದು ಕೇಳಬೇಕಿತ್ತು! ಇಡೀ ಲಿಪಾ ಒಮ್ಮೆಲೇ ಎದ್ದಿತು. ಮರದ ಗ್ಯಾಲರಿ ಗುಡುಗಿತು, ಡೋಲು ಹುಚ್ಚೆದ್ದಿತು. ಟರ್ಲಿಂಗಿನ ಆ ಎತ್ತರದ ಹುಡುಗಿ ಚೆಂಡು ಹಿಡಿದು ಒಂದು ಕ್ಷಣ ಸುತ್ತ ನೋಡಿದಳು. ಅವಳ ಸರ್ವ್ ಈ ಸಲ ಸಪ್ಪೆಯಾಗಿ ಬಂತು. ನಮ್ಮವರು ಎತ್ತಿ ಕೊಟ್ಟರು, ಟೆಸ್ಸಾ ಹಾರಿ ಹೊಡೆದ ಸ್ಮ್ಯಾಶ್ ನೆಲಕ್ಕೆ ಅಪ್ಪಳಿಸಿ ಮೂರನೆಯ ಸಾಲಿಗೆ ಚಿಮ್ಮಿತು.

"ಈಗ ಕೂರ್ಸು," ಎಂದಳು ಲವೋನ್.

ಆ ಸೆಟ್ ಸೋತೆವು, ಸುಳ್ಳೇಕೆ ಹೇಳಬೇಕು. ಪಂದ್ಯ ಗೆದ್ದೆವು.

ಮನೆಗೆ ಹೋಗುವಾಗ ಕಾರಿನಲ್ಲಿ ರೋಂಡಾ ಕರಾರಿನ ಮಾತೆತ್ತಲಿಲ್ಲ. ಲವೋನಳೇ ಎತ್ತಿದಳು. "ಮಧ್ಯ ಕೂತೆ. ಮಾತು ಅಂದ್ರೆ ಮಾತು. ಮುಂದಿನ್ಸಲ ಕುರ್ಚಿನೇ." ಹೇಳಿ ಕಿಟಕಿಯ ಕಡೆ ತಿರುಗಿ ಕೂತಳು. ಎರಡನೆಯ ಸಾಲಿನ ಆ ಬೆಂಚನ್ನು ಎಮಿಲ್ ತನ್ನ ಕರವಸ್ತ್ರದಿಂದ ಒರೆಸಿದ್ದ. ಅದನ್ನು ಬಿಡಬೇಕಲ್ಲ ಎಂದು ಅವಳಿಗೆ ಅಳುವೇ ಬಂತು, ಮಗಳಿಗೆ ಕಾಣದಂತೆ ಅತ್ತಳು.

ಮುಂದಿನ ಪಂದ್ಯಕ್ಕೆ ಲವೋನ್ ಬಾಗಿಲ ಬಳಿಯ ಮೆತ್ತನೆಯ ಕುರ್ಚಿಯಲ್ಲಿ ಕೂತಳು, ರೋಂಡಾ ಕುರ್ಚಿಯ ಹಿಂದೆ ನಿಂತಳು. ಸರ್ವ್‌ಗೆ ಸೀಟಿ ಊದುವ ಮೊದಲು ಅಭ್ಯಾಸಬಲದಿಂದ ಕುರ್ಚಿಯ ಕೈ ಹಿಡಿದು ಎದ್ದುಬಿಟ್ಟಳು. ಪಕ್ಕದ ಮುದುಕ ಅವಳನ್ನು ನೋಡಿ ತನ್ನ ಕೋಲು ಹುಡುಕಿದ. ಅವನ ಪಕ್ಕದವಳು ಗಾಲಿಯ ವಾಕರ್ ಎಳೆದುಕೊಂಡಳು. ನೋಡನೋಡುತ್ತ ಆ ಇಡೀ ಸಾಲು ನರಳುತ್ತ, ಕೆಮ್ಮುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದು ನಿಂತಿತು. ಆ ಸಾಲು ನಿಂತದ್ದನ್ನು ಲಿಪಾ ಎಂದೂ ಕಂಡಿರಲಿಲ್ಲ. ಅವತ್ತು ದೇವರು ದೊಡ್ಡವನು, ಮೊದಲ ಸರ್ವ್‌ಗೇ ಪಾಯಿಂಟ್ ಬಂತು.

ಎರಡನೆಯ ಸೆಟ್ಟಿನಲ್ಲಿ ಹುಡುಗಿಯರು ಸ್ವಲ್ಪ ಹಿಂದೆ ಬಿದ್ದರು. ಇದ್ದಕ್ಕಿದ್ದಂತೆ ವಿದ್ಯಾರ್ಥಿಗಳ ಡೋಲು ನಿಂತಿತು. ಕೂಗುತ್ತ, ಅರ್ಧ ಎದ್ದುಕೊಂಡೇ ಆಟ ನೋಡುತ್ತಿದ್ದ ಗ್ಯಾಲರಿ ಪೂರ್ತಿ ಕೂತು ಬಾಗಿಲ ಕಡೆಗೆ ತಿರುಗಿತು. ಅಂಕಣದಿಂದ ಟೆಸ್ಸಾಳೂ ತಿರುಗಿ ನೋಡಿದಳು, ಈ ಸಲ ನಗುತ್ತ.

"ಏನೇ ಇದು? ಯಾಕೆ ನನ್ನ ನೋಡ್ತಾರೆ?" ಲವೋನ್ ಗಾಬರಿಯಾದಳು.

"ಹೋದ್ಸಲ ನೀನು ಬೇಕಂತಲೇ ಕೂತು ಎದ್ದೆ, ಹುಡುಗೀರ್ನ ಕೆಣಕಕ್ಕೆ ಅಂತ ಊರೆಲ್ಲ ಹೇಳ್ತಿದೆ ಅಮ್ಮ. ಹುಡುಗೀರು ಹಿಂದೆ ಬಿದ್ರೆ ಎಲ್ರೂ ಕೂತು, ನೀನು ಎದ್ಮೇಲೆ ಏಳೋದು, ಹೊಸ ಕಟ್ಟುಪಾಡಂತೆ."

"ಅದು ಮಂಡಿ ಕಣ್ರೋ!" ಲವೋನ್ ಕೂಗಿದಳು. "ನನ್ನ ಮಂಡಿ!"

"ಸಂಕೋಚಕ್ಕೆ ಹಾಗಂತಾಳೆ," ಎಂದಿತು ಒಂದು ದನಿ. ಆಗ ಮೇಲಿನ ಸಾಲಿನಿಂದ, ಅವಳ ಖಾಲಿ ಜಾಗದ ಹಿಂದಿನಿಂದ, ಡೆಲ್ಬರ್ಟ್ ವೊಂಡ್ರಾ ಗಂಟಲು ಹರಿಯುವಂತೆ ಕೂಗಿದ:

"ಏಳೇ ಲವೋನ್! ಊರು ಕಾಯ್ತಿದೆ!"

ತಾಯಿ ಕೇಳುವ ಮೊದಲೇ ರೋಂಡಾ ತೋಳು ಚಾಚಿದ್ದಳು. ಲವೋನ್ ಅದನ್ನು ಹಿಡಿದುಕೊಂಡು ಎದ್ದಳು.