ಬಾಯಿ ಜಜ್ಜದ ಚಿಪ್ಪುಗಳು

ಮೊಂಟಾನಾದ ಆ ಕಣಿವೆಯಲ್ಲಿ ಬೇಟೆಗೆ ಹೋಗುವ ಅರ್ಧ ಜನರ ಖಾಲಿ ತೋಟಾಗಳು ವರ್ನಾ ಟಾಲೆಫ್ಸನ್ನಳ ಕೈ ದಾಟಿಯೇ ಮತ್ತೆ ಕೋವಿ ಸೇರುತ್ತಿದ್ದವು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಚಿಪ್ಪನ್ನು ಅಲ್ಲಿ ಯಾರೂ ಎಸೆಯುವುದಿಲ್ಲ. ಕಾಫಿ ಡಬ್ಬಕ್ಕೆ ತುಂಬಿ ಅವಳ ಷೆಡ್ಡಿನ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಅವಳು ಚಿಪ್ಪಿನ ತಳದಲ್ಲಿ ಕಿಡಿ ಹೊತ್ತಿಸಿ ಸುಟ್ಟ ಕೇಪನ್ನು ಕುಕ್ಕಿ ತೆಗೆಯುತ್ತಾಳೆ. ಅಕ್ರೋಟು ಸಿಪ್ಪೆಯ ಪುಡಿ ತುಂಬಿದ ಯಂತ್ರಕ್ಕೆ ಹಾಕಿ, ಅದು ಗರಗರ ಅಲುಗುತ್ತ ಮಸಿಯನ್ನೆಲ್ಲ ಉಜ್ಜುವವರೆಗೆ ಕಾಯುತ್ತಾಳೆ. ಸಿಡಿದು ಸಿಡಿದು ಉದ್ದವಾದ ಚಿಪ್ಪಿನ ಕತ್ತನ್ನು ಕತ್ತರಿಸಿ ಅಂಚು ನುಣುಪು ಮಾಡಿ ಕೊಡುತ್ತಾಳೆ. ಮದ್ದು, ಗುಂಡು ತುಂಬುವುದು ಅವರವರ ಕೆಲಸ.

ಇದಕ್ಕೆಲ್ಲ ಮೊದಲು ತಂತಿ. ತುದಿ ಬಗ್ಗಿಸಿ ಚೂಪು ಮಾಡಿದ ಉಕ್ಕಿನ ತಂತಿಯನ್ನು ಚಿಪ್ಪಿನೊಳಗೆ ಇಳಿಸಿ ಗೋಡೆಯನ್ನು ಸವರಿ ನೋಡಬೇಕು. ಹಲವು ಸಲ ಸಿಡಿದ ಹಿತ್ತಾಳೆ ತಳದ ಹತ್ತಿರ ಒಳಗಿಂದೊಳಗೇ ತೆಳುವಾಗುತ್ತದೆ. ತಂತಿ ಅಲ್ಲಿ ತೊಡರಿತೋ, ಆ ಚಿಪ್ಪಿನ ಆಯಸ್ಸು ಮುಗಿಯಿತು. ಮರೆತೂ ಯಾರೂ ತುಂಬದ ಹಾಗೆ ಇಕ್ಕಳದಿಂದ ಅದರ ಬಾಯಿ ಜಜ್ಜಿ ಗುಜರಿಗೆ ಹಾಕಬೇಕು. ಅವಳ ಗಂಡ ಓರಿನ್ ಬದುಕಿದ್ದಾಗ ಇದನ್ನು ಮಾಡುತ್ತಿರಲಿಲ್ಲ. ಅಂಥದೊಂದು ಚಿಪ್ಪು ಕೋವಿಯೊಳಗೇ ಹರಿದು, ಬೆಂಕಿ ಹಿಂದಕ್ಕೆ ನುಗ್ಗಿ, ಅವನ ಎಡಗಣ್ಣು ಹೋಯಿತು. ಅಂದಿನಿಂದ ತಂತಿ ಅವಳ ಕೈಗೆ ಬಂತು.

ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರುವಾಗುವ ದಿನ, ಬೆಳಕು ಹರಿಯುವ ಹೊತ್ತಿಗೆ, ಉಳಿದ ಕೆಲಸ ನೆನಪಾಗಿ ಅವಳು ಇಕ್ಕಳ ಹಿಡಿದು ಷೆಡ್ಡಿಗೆ ಬಂದಳು. ಹೋದ ವಾರ ತನ್ನ ತಮ್ಮ ಹಾರ್ಲನ್‌ನ ಚಿಪ್ಪುಗಳಲ್ಲಿ ಕೆಟ್ಟವನ್ನು ಬೇರೆ ಡಬ್ಬಕ್ಕೆ ಆರಿಸಿಟ್ಟಿದ್ದಳು, ಬಾಯಿ ಜಜ್ಜಿರಲಿಲ್ಲ. ಅವತ್ತು ಪಕ್ಕದ ಮನೆಯ ಓಪಲ್ ಕುಂಬಳಕಾಯಿ ಪೈ ಹಿಡಿದು ಬಾಗಿಲಲ್ಲಿ ನಿಂತು, "ಬಿಸಿ ಆರೋಗತ್ತೆ, ಬಾರೇ. ನಿನ್ನ ಚಿಪ್ಪಿಗೇನು ಕಾಲು ಬಂದಿದ್ಯಾ ಓಡಿಹೋಗೋಕೆ?" ಎಂದಿದ್ದಳು. ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟು ಎದ್ದಿದ್ದಳು ವರ್ನಾ.

ಈಗ ಆ ಡಬ್ಬ ಯಂತ್ರದ ಪಕ್ಕದಲ್ಲಿತ್ತು. ಖಾಲಿಯಾಗಿತ್ತು.

ಅವತ್ತು ಅದನ್ನು ಉಜ್ಜಲು ಹಾಕುವ ಡಬ್ಬಗಳ ಸಾಲಿನಲ್ಲೇ ಇಟ್ಟಿದ್ದಳು. ಮರುದಿನ ಒಳ್ಳೆಯವುಗಳ ಜೊತೆಗೇ ಯಂತ್ರಕ್ಕೆ ಸುರಿದಿದ್ದಳು. ಉಜ್ಜಿದ ಮೇಲೆ ತಂತಿ ಹಾಕುವ ರೂಢಿಯಿಲ್ಲ. ಎಲ್ಲವೂ ಬಂಗಾರದ ಹಾಗೆ ಹೊಳೆಯುತ್ತ ಹಾರ್ಲನ್‌ನ ಕೈ ಸೇರಿ, ಮದ್ದು ತುಂಬಿಸಿಕೊಂಡು, ಈಗ ಅವನ ಜೇಬಿನಲ್ಲಿ ಗುಡ್ಡ ಹತ್ತಿವೆ.

ಗುಡ್ಡದಲ್ಲಿ ಫೋನು ಹಿಡಿಯುವುದಿಲ್ಲ. ಕೋಟಿನ ಗುಂಡಿಯನ್ನೂ ಹಾಕದೆ ಅವಳು ಪಿಕಪ್ ಹತ್ತಿದಳು. ಕಾಡುದಾರಿಯ ಅರ್ಧದಲ್ಲಿ ಮೊದಲ ಗುಂಡಿನ ಸದ್ದು ಕೇಳಿತು. ಕೋವಿ ಸರಿಯಾಗಿ ಸಿಡಿದರೂ ಸದ್ದು ಅದೇ, ಚಿಪ್ಪು ಹರಿದು ಸಿಡಿದರೂ ಅದೇ. ದೂರದಿಂದ ತಿಳಿಯುವ ಬಗೆಯೇ ಇಲ್ಲ.

ದಾರಿ ಮುಗಿಯುವಲ್ಲಿ ಹಾರ್ಲನ್‌ನ ಗಾಡಿ ನಿಂತಿತ್ತು. ಬೇಟೆಗಾರರ ಬಿಡಾರದಲ್ಲಿ ಅಡುಗೆ ಮಾಡುವ ಕ್ಲೆಮ್ ಒಲೆಯ ಮುಂದೆ ಕೂತಿದ್ದ. ವರ್ನಾ ಕೆಳಗಿಳಿಯಲೇ ಇಲ್ಲ, ಹಾರ್ನ್ ಒತ್ತಿ ಹಿಡಿದಳು.

"ಅಯ್ಯೋ ಮಾರಾಯ್ತಿ, ಬಿಡು," ಕ್ಲೆಮ್ ಓಡಿ ಬಂದ. "ಇರೋ ಎಲ್ಕ್‌ಗಳೆಲ್ಲ ಕೆನಡಾಕ್ಕೆ ಹೋಗ್ತಾವೆ. ಮೇಲಿರೋರು ಬಂದು ನನ್ನ ಚರ್ಮ ಸುಲೀತಾರೆ."

"ಸುಲೀಲಿ. ಹಾರ್ಲನ್ ಇಳಿದು ಬರ್ಲಿ."

"ಏನಾಯ್ತು ಅಂತನಾದ್ರೂ ಹೇಳು."

"ಕೆಟ್ಟ ಚಿಪ್ಪು ಕೊಟ್ಬಿಟ್ಟಿದೀನಿ ಅವನಿಗೆ."

ಕ್ಲೆಮ್ ತಿರುಗಿ ಓಡಿದ. ತನ್ನ ಗಾಡಿಗೆ ಹೋಗಿ ಅವನೂ ಹಾರ್ನ್ ಒತ್ತಿದ.

ಕೊನೆಗೆ ಪೈನ್ ಮರಗಳ ನಡುವೆ ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಅಂಗಿ ಕಾಣಿಸಿತು. ಹಾರ್ಲನ್ ಬೈಯುತ್ತಲೇ ಇಳಿದು ಬಂದ. "ವರ್ಷವೆಲ್ಲ ಕಾದಿದೀನಿ ವರ್ನಾ, ಒಂದು ದಿನಕ್ಕೆ. ಮನೆಗೇನು ಬೆಂಕಿ ಬಿತ್ತಾ?"

"ಎಷ್ಟು ಹೊಡ್ದೆ?"

"ಒಂದು. ತಪ್ತು. ಕೆನ್ನೆಗೇನೋ ಬಿಸಿ ತಾಗ್ದಂಗಾಯ್ತು. ಇನ್ನೊಂದು ಹಾಕೋಷ್ಟರಲ್ಲಿ ನಿನ್ನ ಊಳು ಶುರುವಾಯ್ತು."

"ಆ ಚಿಪ್ಪು ಕೊಡು. ಕೋವಿ ಖಾಲಿ ಮಾಡು."

ಅವನು ಜೇಬಿನಿಂದ ತೆಗೆದುಕೊಟ್ಟ. ತಂತಿ ಬೇಕಾಗಲಿಲ್ಲ. ತಳದ ಸ್ವಲ್ಪ ಮೇಲೆ ಸುತ್ತಲೂ ಮಸಿಯ ಗೆರೆ ಎದ್ದಿತ್ತು, ಒಂದು ಕಡೆ ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ಹಾರ್ಲನ್ ಅದನ್ನು ನೋಡಿದ. ಕೋವಿಯಲ್ಲಿದ್ದದ್ದನ್ನು, ಜೇಬಿನಲ್ಲಿದ್ದದ್ದನ್ನು ಒಂದೊಂದಾಗಿ ಪಿಕಪ್ಪಿನ ಕಿಟಕಿಯಿಂದ ಅವಳ ಮಡಿಲಿಗೆ ಹಾಕಿದ.

"ಬೇರೆ ಯಾರಿಗಾದ್ರೂ ಕೊಟ್ಟಿದೀಯಾ?"

"ಇಲ್ಲ."

"ನೆನಪು ಮಾಡ್ಕೊಂಡು ಹೇಳು."

"ಇಲ್ಲ ಅಂದ್ನಲ್ಲ."

ಅವಳು ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬಲಗಣ್ಣಿನ ಕೆಳಗೆ ಕಪ್ಪು ಚುಕ್ಕೆಗಳಿದ್ದವು. ಸ್ಕಾರ್ಫಿನ ತುದಿಯನ್ನು ಎಂಜಲಲ್ಲಿ ತೋಯಿಸಿ ಉಜ್ಜಿದಳು. ಹೋಗಲಿಲ್ಲ. ಮದ್ದು ಚರ್ಮದೊಳಗೇ ಕೂತಿತ್ತು.

"ಸಾಕು ಬಿಡೇ, ನಾನೇನು ಹಿತ್ತಾಳೆನಾ?" ಅಂದ ಹಾರ್ಲನ್. ನಗು ಮಾತ್ರ ಬರಲಿಲ್ಲ.

"ಎಡಗಣ್ಣು ಮುಚ್ಚು. ಇದೆಷ್ಟು ಬೆರಳು?"

"ಎರಡು."

ಅವಳು ಬೆರಳು ಬದಲಿಸಿದಳು. ಅಲುಗದಂತೆ ಕೈಯನ್ನು ಕಿಟಕಿಯ ಅಂಚಿಗೆ ಒತ್ತಿ ಹಿಡಿದು, ಮತ್ತೆ ಕೇಳಿದಳು.