ಹರಿಣಿ ಎಂದು ಕರೆದ ಟೀಚರ್

ವಿನೋದಿನಿ ಟೀಚರಿಗೆ ಬಾಯಿ ಜಾಸ್ತಿ. ಇದನ್ನು ಬೇರೆಯವರು ಹೇಳಬೇಕಾಗಿಲ್ಲ, ಅವರೇ ಹೇಳಿಕೊಂಡು ನಗುತ್ತಿದ್ದರು. ಉಡುಪಿ ಕಡೆಯ ಹೆಣ್ಣು, ಮದುವೆಯಾಗಿ ಮುಂಬಯಿಯ ಬೊರಿವಲಿಗೆ ಬಂದವರು, ಅಂಧೇರಿಯ ಒಂದು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ತಲೆ ಹಣ್ಣಾಯಿತು. ಮಾತಾಡದಿದ್ದರೆ ಇವಳಿಗೆ ಉಂಡ ಅನ್ನ ಕರಗುವುದಿಲ್ಲ ಎಂದು ಗಂಡ ರಮಾನಾಥ ಚುಡಾಯಿಸುತ್ತಿದ್ದ. ಈ ಬೇಸಿಗೆಯ ನಂತರ ಅವನೂ ಚುಡಾಯಿಸುವುದನ್ನು ಬಿಟ್ಟಿದ್ದಾನೆ.

ಆದದ್ದು ಇಷ್ಟು. ಹೋದ ವರ್ಷ ಒಂಬತ್ತನೇ ಕ್ಲಾಸಿನಲ್ಲಿ ಶಿವಪುತ್ರ ಅಂತ ಒಂದು ಮಗು ಇತ್ತು. ಅಪ್ಪ ಖಂಡಪ್ಪ ಬಿಲ್ಡಿಂಗ್ ಕೆಲಸಕ್ಕೆ ಹೋಗುವವನು, ವಿಜಯಪುರದ ಇಂಡಿ ಕಡೆಯವನು. ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ದಿನ, ಎಲ್ಲರೂ ಊಟಕ್ಕೆ ಹೋದ ಮೇಲೆ ಆ ಮಗು ಟೇಬಲಿನ ಹತ್ತಿರ ಬಂದು ನಿಂತಿತು.

"ಟೀಚರ್, ನನ್ನ ಶಿವಪುತ್ರ ಅಂತ ಕರೀಬ್ಯಾಡ್ರಿ."

"ಮತ್ತೆ? ಮಹಾರಾಜಾ ಅಂತ ಕರೀಬೇಕಾ ಮಾರಾಯ?"

"ಹರಿಣಿ ಅನ್ರಿ. ನಾ ಹುಡುಗ ಅಲ್ಲ ಟೀಚರ್. ಮೈ ಅಷ್ಟ ಹುಡುಗಂದು. ಒಳಗ ನಾ ಮೊದಲಿಂದನೂ ಹುಡುಗೀನ."

ಟೀಚರಿಗೆ ಏನು ಹೇಳಬೇಕೋ ತೋಚಲಿಲ್ಲ. ತೋಚದಿದ್ದರೆ ಸುಮ್ಮನಿರಬಾರದೇ? "ಇದೆಲ್ಲ ಮೊಬೈಲ್ ನೋಡಿ ಕಲಿತದ್ದಾ?" ಎಂದುಬಿಟ್ಟರು. "ಮೊಬೈಲ್ ಅಪ್ಪನ ಹತ್ರ ಇರ್ತೈತ್ರಿ" ಎಂದು ತಲೆ ತಗ್ಗಿಸಿ ಮಗು ಹೋಯಿತು. ಆ ದಿನ ಟೀಚರಿಗೆ ಡಬ್ಬಿಯ ಊಟ ಸೇರಲಿಲ್ಲ. ಎಷ್ಟು ದಿನದಿಂದ ಧೈರ್ಯ ಕೂಡಿಸಿಕೊಂಡು ಬಂದಿತ್ತೋ ಏನೋ, ನಾನು ಹೀಗಾ ಮಾಡುವುದು ಅಂತ ತಮ್ಮನ್ನೇ ಬೈದುಕೊಂಡರು.

ಮರುದಿನ ತಾವೇ ಕರೆದು ಕೂರಿಸಿಕೊಂಡರು. "ಹರಿಣಿ ಅಂತಲೇ ಕರೀತೇನೆ. ಆದರೆ ಉಳಿದ ಮಕ್ಕಳು?"

ಹರಿಣಿ ನಕ್ಕಳು. "ಅವರು ಹ್ವಾದ ವರ್ಷದಿಂದನ ಹಂಗ ಕರೀತಾರ್ರಿ. ನೀವೊಬ್ಬರ ಬಾಕಿ." ಆಮೇಲೆ ಮುಖ ಗಂಭೀರ ಮಾಡಿ, "ಮನ್ಯಾಗ ಮಾತ್ರ ಗೊತ್ತಾಗಬಾರದು ಟೀಚರ್. ಅಪ್ಪ ಊರಿಗೆ ಅಟ್ಟಿಬಿಡ್ತಾನ. ಹತ್ತನೇದು ಪಾಸಾಗಿ ನಾನ ಹೇಳ್ತೀನಿ" ಎಂದಳು.

"ನನ್ನಾಣೆ, ಹೇಳುವುದಿಲ್ಲ" ಎಂದರು ಟೀಚರ್.

ಇಷ್ಟು ವರ್ಷ ಒಂದು ಹೆಸರಿಗೆ ಒಗ್ಗಿದ ನಾಲಿಗೆ ಸುಲಭಕ್ಕೆ ತಿರುಗೀತೇ? ಕ್ಲಾಸಿನಲ್ಲಿ ತಪ್ಪಿದರೆ ಮಗುವಿಗೆ ನೋವಾದೀತು ಅಂತ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಕೂತು ಹರಿಣಿ, ಹರಿಣಿ ಎಂದು ತುಟಿಯಲ್ಲೇ ಅಭ್ಯಾಸ ಮಾಡಿದರು. ಎದುರು ಕೂತ ಗುಜರಾತಿ ಹೆಂಗಸು ಯಾವುದೋ ಜಪ ಇರಬೇಕೆಂದು ಕೈ ಮುಗಿದಳಂತೆ! ಸಂಕ್ರಾಂತಿ ಕಳೆಯುವಷ್ಟರಲ್ಲಿ ಹಳೆಯ ಹೆಸರು ನೆನಪಿಗೆ ತಂದುಕೊಳ್ಳಲು ತಡಕಾಡಬೇಕು, ಅಷ್ಟು ರೂಢಿಯಾಯಿತು. ಹರಿಣಿಯೂ ಮೊದಲಿನ ಹಾಗೆ ಹಿಂದಿನ ಬೆಂಚು ಹಿಡಿಯದೆ ಮುಂದೆ ಬಂದು ಕೂತಳು, ಕೈ ಎತ್ತಿ ಉತ್ತರ ಹೇಳಿದಳು, ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು ಬಂದಳು. ಟೀಚರಿಗೆ ಹೆಮ್ಮೆಯೋ ಹೆಮ್ಮೆ.

ಮುಂಬಯಿಯಲ್ಲಿ ಕನ್ನಡ ಶಾಲೆಯ ಟೀಚರ್ ಆದವರಿಗೆ ಬೇಸಿಗೆ ರಜೆಯೆಂದರೆ ರಜೆಯಲ್ಲ. ಮಕ್ಕಳನ್ನು ಹುಡುಕಿಕೊಂಡು ಒಂದೊಂದೇ ಕೋಣೆಯ ಮನೆಗಳ ಚಾಳು ಚಾಳು ತಿರುಗಬೇಕು. ಇಂಗ್ಲಿಷ್ ಮೀಡಿಯಮ್ಮಿನ ಆಸೆ ಹಿಡಿದ ಅಪ್ಪ-ಅಮ್ಮಂದಿರ ಎದುರು ಕೂತು, ಅವರು ಕೊಟ್ಟ ಚಾ ಕುಡಿದು, ನಮ್ಮ ಶಾಲೆಗೇ ಕಳಿಸಿ ಅಂತ ಗೋಗರೆಯಬೇಕು. ಮಕ್ಕಳಿಲ್ಲದಿದ್ದರೆ ಶಾಲೆಗೆ ಬೀಗ. ಅಂಥ ಒಂದು ಸಂಜೆ ಖಂಡಪ್ಪನ ಖೋಲಿಯಲ್ಲಿ ನೆರೆಯವರೆಲ್ಲ ಸೇರಿದ್ದರು. ಅವನ ಮಾತಿಗೆ ಆ ಚಾಳಿನಲ್ಲಿ ತೂಕವಿತ್ತು. ಹೆಂಡತಿ ಸೋಮವ್ವ ಬಿಲ್ಡಿಂಗ್ ಮನೆಗಳ ಕಸ-ಮುಸುರೆ ಕೆಲಸ ಮುಗಿಸಿ ಇನ್ನೂ ಬಂದಿರಲಿಲ್ಲ. ಚಾ ತಂದಿಟ್ಟದ್ದು ಮಗುವೇ.

"ಕನ್ನಡ ಕಲಿತು ಏನ್ ಉದ್ಧಾರ ಆಗ್ತಾರ್ರಿ?" ಎಂದು ಯಾರೋ ಕೇಳಿದರು. ಟೀಚರಿಗೆ ಹುರುಪೇರಿತು.

"ಏನಾಗ್ತಾರಾ? ನಮ್ಮ ಹರಿಣಿಯನ್ನೇ ನೋಡಿ!" ಎಂದು ಕೈ ಚಾಚಿ ತೋರಿಸಿದರು.

ಅಯ್ಯೋ ದೇವರೇ!

"ಯಾವ ಹರಿಣಿ?" ಎಂದ ಖಂಡಪ್ಪ.

ಆಗಲಾದರೂ ಒಂದು ಸುಳ್ಳು ಹೇಳಬಹುದಿತ್ತು. ಬೇರೆ ಹುಡುಗಿಯ ಹೆಸರು ಬಾಯಿಗೆ ಬಂತು, ವಯಸ್ಸಾಯಿತು ನೋಡಿ ಅಂದಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಆದರೆ ಟೀಚರು ನೋಡಿ, ಅರ್ಥವಾಗದವರ ಮುಖ ಕಂಡರೆ ವಿವರಿಸುವ ಚಟ. ಇದು ರೋಗವಲ್ಲ, ಇದರಲ್ಲಿ ನಾಚಿಕೆಪಡುವುದೇನಿಲ್ಲ, ಕೆಲವು ಮಕ್ಕಳು ಹೀಗೇ ಹುಟ್ಟುತ್ತಾರೆ ಎಂದು ಅಷ್ಟು ಜನರ ಎದುರಿಗೆ ಪಾಠವನ್ನೇ ಶುರುಮಾಡಿದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹರಿಣಿ ಮೂಲೆಯಲ್ಲಿ ತಟ್ಟೆ ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದಳು. ಬೇಡ ಟೀಚರ್ ಅಂತ ತಲೆಯಾಡಿಸುತ್ತಿದ್ದಳು. ಅದು ಕಂಡದ್ದು ಪಾಠ ಮುಗಿದ ಮೇಲೆ.

ಖಂಡಪ್ಪ ಕೂಗಾಡಲಿಲ್ಲ. "ಚಾ ಕುಡೀರಿ, ಆರತೈತಿ" ಎಂದಷ್ಟೇ ಅಂದ.

ಮನೆಗೆ ಬಂದು ಟೀಚರ್ ಗೋಳೋ ಎಂದು ಅತ್ತರು. "ನೀನು ಒಳ್ಳೆದಕ್ಕೇ ಹೇಳಿದ್ದಲ್ವಾ, ಬಿಡು ಮಾರಾಯ್ತಿ" ಎಂದ ರಮಾನಾಥ. ಟೀಚರಿಗೆ ಮೈ ಉರಿಯಿತು. ಒಳ್ಳೆಯದಕ್ಕಂತೆ! ಸಣ್ಣ ಸಣ್ಣ ಮಕ್ಕಳು ಒಂದೂವರೆ ವರ್ಷ ಕಾಪಾಡಿದ ಗುಟ್ಟನ್ನು ಇವರು ಒಂದು ಲೋಟ ಚಾ ಮುಗಿಯುವುದರೊಳಗೆ ಒಡೆದಿದ್ದರು.

ಜೂನಿನಲ್ಲಿ ಶಾಲೆ ಶುರುವಾಯಿತು. ಹರಿಣಿ ಬರಲಿಲ್ಲ. ಊರಿಗೆ ಕಳಿಸಿದರಂತೆ, ಚಿಕ್ಕಪ್ಪನ ಮನೆಯಲ್ಲಿ ಇಟ್ಟಿದ್ದಾರಂತೆ. ಮಕ್ಕಳು ಟೀಚರನ್ನು ಏನೂ ಕೇಳಲಿಲ್ಲ. ಎಲ್ಲವನ್ನೂ ಕೇಳುತ್ತಿದ್ದ ಮಕ್ಕಳು ಈಗ ಅವರ ಎದುರು ಮಾತೇ ಆಡುತ್ತಿರಲಿಲ್ಲ. ಟೀಚರ್ ಎರಡು ವಾರ ಹೇಗೋ ತಡೆದರು, ಮೂರನೇ ಶನಿವಾರ ಶಾಲೆ ಬಿಟ್ಟದ್ದೇ ಖಂಡಪ್ಪನ ಚಾಳಿಗೆ ನಡೆದರು. ಅವನು ಪರೇಲಿನ ಕೆಲಸಕ್ಕೆ ಹೋಗಿದ್ದ. ಸೋಮವ್ವ ಒಬ್ಬಳೇ ಇದ್ದಳು.

ಉಗಿಯಲಿ, ಬೈಯಲಿ, ಹೊರಗೆ ಹಾಕಲಿ ಎಂದು ಗಟ್ಟಿಮಾಡಿಕೊಂಡೇ ಟೀಚರ್ ಬಂದಿದ್ದರು. ಸೋಮವ್ವ ಚಾಪೆ ಹಾಸಿದಳು.

"ಬೈಯಿರಿ ಸೋಮವ್ವ, ನನ್ನನ್ನು ಬೈದುಬಿಡಿ."

"ಬೈದ್ರ ಕೂಸು ಬರತೈತೇನ್ರಿ?" ಸೆರಗಿನಿಂದ ಮುಖ ಒರೆಸಿಕೊಂಡಳು. "ಅದರದು ನಮ್ಮ ಮಾವನ ಹೆಸರ್ರಿ. ಸೊಸಿ ಆದಾಕಿ ಮಾವನ ಹೆಸರು ಬಾಯಾಗ ತರಬಾರದಲ್ರಿ. ಹುಟ್ಟಿದಾಗಿಂದ ನಾ ತಮ್ಮಾ, ತಮ್ಮಾ ಅಂತಿದ್ದೆ. ಈಗ ಫೋನಿನ್ಯಾಗ ತಮ್ಮಾ ಅಂದ ಕೂಡ್ಲೇ ಇಟ್ಟುಬಿಡತೈತಿ. ನೀವೇನೋ ಹೆಸರು ಕರದ್ರಂತಲ್ಲ, ಅದೇನ್ರಿ? ಇವರು ಹೇಳವಲ್ರು. ನನಗರ ಹೇಳ್ರಿ, ನಾ ಹಂಗ ಕರೀತೀನಿ."

ಹೆಸರು ಟೀಚರ ತುಟಿಗೆ ಬಂತು. ಹೇಳಿದರೆ ಈ ತಾಯಿಯ ಹೊಟ್ಟೆ ತಣ್ಣಗಾಗುತ್ತಿತ್ತು. ಇದೂ ಒಳ್ಳೆಯದಕ್ಕೇ. ಆದರೆ ಆವತ್ತಿನ ತಟ್ಟೆ ಹಿಡಿದ ಮಗುವಿನ ಮುಖ ಕಣ್ಣೆದುರು ನಿಂತಿತು.

"ನಾನು ಹೇಳಬಾರದು ಸೋಮವ್ವ. ಫೋನ್ ಹಚ್ಚಿಕೊಡಿ, ಕೇಳುತ್ತೇನೆ."

ತುಂಬ ಹೊತ್ತು ರಿಂಗಾಯಿತು. ಆ ಕಡೆ ಎತ್ತಿದ ಸದ್ದಾಯಿತು.

"ನಾನು ಮಗಾ, ವಿನೋದಿನಿ ಟೀಚರ್."

ಆಮೇಲೆ ಸಣ್ಣ ದನಿ. "ಟೀಚರ್, ನಿಮ್ಮ ಬಾಜೂಕ ಯಾರದಾರ?"

ಈ ಮಗು ಮೊದಲು ಹೀಗೆ ಕೇಳುತ್ತಿರಲಿಲ್ಲ.

"ನಿನ್ನ ಅವ್ವ. ಅವ್ವ ಒಬ್ಬರೇ. ನಿನ್ನ ಹೆಸರು ಕೇಳುತ್ತಿದ್ದಾರೆ, ಹಾಗೇ ಕರೀತಾರಂತೆ. ನಾನು ಹೇಳಿಲ್ಲ."

ಆಮೇಲೆ ಮೂಗು ಎಳೆದ ಸದ್ದು.

"ಅವ್ವನ ಕೈಯಾಗ ಕೊಡ್ರಿ. ನಾನ ಹೇಳ್ತೀನಿ." ಹರಿಣಿ ಮತ್ತೆ ಅಂದಳು, "ನೀವು ಸ್ವಲ್ಪ ಹೊರಗ ಹೋಗ್ರಿ ಟೀಚರ್."

ಕ್ಷಮಿಸು ಮಗಾ ಅನ್ನುವುದಿತ್ತು, ಅದಕ್ಕೆಂದೇ ಬಂದಿದ್ದರು. ಅನ್ನಲಿಲ್ಲ. ಫೋನನ್ನು ಸೋಮವ್ವನ ಕೈಗಿಟ್ಟು, ಹೊರಗೆ ಬಂದು, ಬಾಗಿಲನ್ನು ತಾವೇ ಎಳೆದುಕೊಂಡರು.