ಸೀಲ್ ಹಾಕಿದ ಬಾಗಿಲಿಗೆ ಮೂರು ಬಡಿತ

ಶನಿವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಬಿಕ್ಕೋಡಿನಲ್ಲಿ ಕಾಫಿ ಲಾರಿಯ ಬಾಗಿಲು ಮುಚ್ಚಿ ಸೀಲ್ ಹಾಕಿದರು. ಒಳಗೆ ನಾನಿದ್ದೆ. ಲಾರಿ ಎಲ್ಲಿದೆಯೆಂದು ತಿಳಿಸುವ ಪೆಟ್ಟಿಗೆಯನ್ನು ನನ್ನ ಸಂಶೋಧನೆಗಾಗಿ ಮೂಟೆಗಳ ಹಿಂದೆ ಕೂರಿಸುತ್ತಿದ್ದೆ. ಎಂಜಿನ್ ಸದ್ದಿನಲ್ಲಿ ನನ್ನ ಕೂಗು ಯಾರಿಗೂ ಕೇಳಲಿಲ್ಲ.

ಲಾರಿ ತಲುಪಬೇಕಿದ್ದ ಅರಸೀಕೆರೆಯ ಗೋದಾಮಿನ ಗೇಟಿನಲ್ಲಿ ವಯಸ್ಸಾದ ಕಾವಲುಗಾರರೊಬ್ಬರಿದ್ದರು. ಬಂದ ಪ್ರತಿ ಲಾರಿಯ ಸೀಲ್ ಎಳೆದು ನೋಡಿ, ಬಾಗಿಲಿಗೆ ಮೂರು ಸಲ ಬಡಿದು, "ಒಳಗೆ ಯಾರಾರ ಇದೀರಾ?" ಎಂದು ಕೇಳಿ, ಕಿವಿ ಆನಿಸಿ ಕಾಯುತ್ತಿದ್ದರು.

"ಕಾಫಿಬೀಜ ಮಾತಾಡ್ತವಾ ಯಜಮಾನ್ರೇ?" ಎಂದು ಡ್ರೈವರುಗಳು ಅಣಕಿಸುತ್ತಿದ್ದರು.

"ಕೇಳಿದ್ರೆ ಗಂಟೇನು ಹೋಗ್ತೈತೆ."

ಹಿಂದೊಮ್ಮೆ ನಾನೂ ನಕ್ಕಿದ್ದೆ.

ಅಂದು ಕತ್ತಲೊಳಗೆ ಅದೇ ಮೂರು ಬಡಿತ ಕೇಳಿಸಿತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಉಗುರಿನಿಂದ ತಗಡು ಕೆರೆದೆ.

"ಸೀಲ್ ಸರಿಯಾಗೈತೆ. ಸೋಮವಾರ ಇಳಿಸ್ತಾರೆ, ಬಿಡಿ," ಎಂದ ಡ್ರೈವರ್.

"ಸೀಲ್ ಸರಿಯಾಗೈತೆ ಕಣೋ. ಆದ್ರೆ ಯಾರೋ ಓ ಅಂದ್ರು."

ಅವರು ಸೀಲ್ ಕತ್ತರಿಸಿದರು. ಆ ಹೊತ್ತಿಗೆ, ನನ್ನ ಪೆಟ್ಟಿಗೆಯ ಸುದ್ದಿ ಹೋಗುವ ಬೇಲೂರಿನ ಕಂಪ್ಯೂಟರ್ ಪರದೆಯಲ್ಲಿ ಲಾರಿ ಕ್ಷೇಮವಾಗಿ ತಲುಪಿದೆಯೆಂದು ಬಂದಿತ್ತಂತೆ. ನನ್ನನ್ನು ಕೈಹಿಡಿದು ಇಳಿಸಿಕೊಂಡ ಮೇಲೂ ಅವರು ನನ್ನ ಬೆನ್ನ ಹಿಂದಿನ ಕತ್ತಲನ್ನೇ ನೋಡುತ್ತಿದ್ದರು.

"ಒಬ್ರೇನಾ?" ಎಂದರು.

ಯಾಕೆ ಹಾಗೆ ಕೇಳಿದರೆಂದು ನಾನು ವಿಚಾರಿಸಲಿಲ್ಲ. ಆಮೇಲೆ ಪ್ರತಿ ರಾತ್ರಿ ನಿದ್ದೆಯಲ್ಲಿ ಆ ಬಡಿತ ಕೇಳಿಸಿ ಎಚ್ಚರವಾಗುತ್ತಿತ್ತು. ಮೂರು ತಿಂಗಳು ಕಳೆದ ಮೇಲೆ, ಒಂದು ಭಾನುವಾರ ಅದೇ ಗೇಟಿಗೆ ಹೋಗಿ, ಅವರ ಪಕ್ಕ ನಿಂತು, ಒಂದು ಲಾರಿಯ ಬಾಗಿಲನ್ನು ನಾನೇ ಬಡಿದು ಕೇಳಿದೆ. ಇಬ್ಬರೂ ಕಿವಿ ಆನಿಸಿ ಕಾದೆವು. ಯಾರೂ ಓಗೊಡಲಿಲ್ಲ.

ಅಂದು ಮಲಗಿದವನಿಗೆ ಬೆಳಗಿನವರೆಗೆ ಎಚ್ಚರವಾಗಲಿಲ್ಲ.